ಪಿತೃಪಕ್ಷದಲ್ಲೊಂದು ಗುರುವಾರ

ಡೀನ್ ವಿಂಚೆಸ್ಟರ್ ಸತ್ತದ್ದು 2008ರ ಮೇ 15ರಂದು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ. ಮಾಡಿಟ್ಟ ಹುಳಿಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿ ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತವಳನ್ನು ನೋಡಿ ನಮ್ಮನೆಯವರು, "ಊರಿಂದ ಏನಾದ್ರೂ ಫೋನ್ ಬಂತಾ?" ಎಂದು ಗಾಬರಿಯಿಂದ ಕೇಳಿದರು. "ಡೀನ್ ಹೋಗ್ಬಿಟ್ಟ ಕಣ್ರೀ" ಅಂದೆ. ಯಾವ ಕಾಲೇಜಿನ ಡೀನ್ ಅಂತ ಅವರು ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಓಡುವ ಜೋಕು.

ಈ ಡೀನ್ 'ಸೂಪರ್‌ನ್ಯಾಚುರಲ್' ಅನ್ನುವ ಅಮೆರಿಕದ ಧಾರಾವಾಹಿಯ ಇಬ್ಬರು ನಾಯಕರಲ್ಲಿ ದೊಡ್ಡವನು. ತಮ್ಮ ಸ್ಯಾಮ್. ತಮ್ಮ ಕೂಸಾಗಿದ್ದಾಗ ಇವರ ತಾಯಿಯನ್ನು ಒಂದು ಪೀಡೆ ಮನೆಯ ಚಾವಣಿಗೆ ಅಂಟಿಸಿ ಸುಟ್ಟುಹಾಕುತ್ತದೆ. ಅಪ್ಪ ಹುಚ್ಚು ಹಿಡಿದವನಂತೆ ದೆವ್ವಗಳ ಬೇಟೆಗೆ ಇಳಿಯುತ್ತಾನೆ, ಮಕ್ಕಳನ್ನೂ ಅದೇ ಕಸುಬಿಗೆ ಹಚ್ಚುತ್ತಾನೆ. ಅಣ್ಣತಮ್ಮಂದಿರಿಬ್ಬರೂ 1967ರ ಕಪ್ಪು ಶೆವರ್ಲೆ ಇಂಪಾಲಾ ಕಾರಿನಲ್ಲಿ ಊರೂರು ಅಲೆಯುತ್ತ, ಅಗ್ಗದ ಮೋಟೆಲುಗಳಲ್ಲಿ ಮಲಗುತ್ತ, ಕಾಡುವ ಪ್ರೇತಗಳ ಮೂಳೆ ಅಗೆದು ಉಪ್ಪು ಹಾಕಿ ಸುಡುತ್ತ ಹೋಗುವುದೇ ಕಥೆ. ಎರಿಕ್ ಕ್ರಿಪ್ಕಿ ಎಂಬಾತ ಹುಟ್ಟುಹಾಕಿದ ಈ ಧಾರಾವಾಹಿ 2005ರ ಸೆಪ್ಟೆಂಬರಿನಲ್ಲಿ ಶುರುವಾಗಿ 15 ಸೀಸನ್, 327 ಸಂಚಿಕೆ ಓಡಿತು. ನಾನು ಹೇಳಹೊರಟಿರುವುದು ಅಷ್ಟರಲ್ಲಿ ಒಂದೇ ಒಂದು ಸಂಚಿಕೆಯ ಬಗ್ಗೆ, ನಾಲ್ಕನೇ ಸೀಸನ್ನಿನ ಮೊದಲನೆಯದು. 'ಲಾಜರಸ್ ರೈಸಿಂಗ್' ಅಂತ ಅದರ ಹೆಸರು. 2008ರ ಸೆಪ್ಟೆಂಬರ್ 18, ಗುರುವಾರ.

ಆಗ ನಾವಿದ್ದದ್ದು ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕಿನಲ್ಲಿ. ಇವರಿಗೆ ಒಂದು ಟೆಲಿಫೋನ್ ಕಂಪನಿಯಲ್ಲಿ ಗುತ್ತಿಗೆ ಕೆಲಸ. ನನ್ನದು ಎಚ್-4 ವೀಸಾ, ಅಂದರೆ ಗಂಡನ ಬಾಲ ಹಿಡಿದು ಬಂದವಳು. ಎಂಜಿನಿಯರಿಂಗ್ ಓದಿದ್ದೆ, ಬೆಂಗಳೂರಲ್ಲಿ ಕೆಲಸ ಮಾಡಿದ್ದೆ, ಅಲ್ಲಿ ಮಾತ್ರ ದುಡಿಯುವಂತಿರಲಿಲ್ಲ. ಎಚ್-4 ಹೆಂಡತಿಯರಲ್ಲಿ ಕೆಲವರಿಗೆ ದುಡಿಯಲು ಅನುಮತಿ ಸಿಕ್ಕಿದ್ದು 2015ರಲ್ಲಿ, ನಾವು ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದು ಎಷ್ಟೋ ಕಾಲವಾದ ಮೇಲೆ. ಬೆಳಿಗ್ಗೆ ಇವರು ಕಾರು ತೆಗೆದುಕೊಂಡು ಹೋದರೆ ನನಗೆ ನಡೆದು ಹೋಗುವಷ್ಟು ದೂರದಲ್ಲಿದ್ದ ಜಾಗ ಒಂದೇ, ಜಾನ್ಸನ್ ಕೌಂಟಿಯ ಗ್ರಂಥಾಲಯ. ಆ ಗ್ರಂಥಾಲಯಕ್ಕೆ ನಾನು ಋಣಿ. ಒಂದು ಕಾಸೂ ಇಲ್ಲದೆ ಪುಸ್ತಕ ಕೊಟ್ಟರು, ಡಿವಿಡಿ ಕೊಟ್ಟರು. ಅಲ್ಲೇ ಒಂದು ದಿನ ಮೊದಲ ಸೀಸನ್ನಿನ ಡಬ್ಬಿ ಕೈಗೆ ಸಿಕ್ಕಿತು. ಹಿಂಬದಿಯಲ್ಲಿ ಓದಿದೆ: ಅಣ್ಣತಮ್ಮಂದಿರ ಹುಟ್ಟೂರು ಲಾರೆನ್ಸ್, ಕ್ಯಾನ್ಸಸ್. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ! ತವರೂರ ಪಕ್ಕದ ಹಳ್ಳಿಯ ಹೆಸರು ಪೇಪರಿನಲ್ಲಿ ಕಂಡಷ್ಟು ಸಂಭ್ರಮವಾಯಿತು.

ಮೊದಲ ಎರಡು ಸೀಸನ್ ನೋಡಿ ಮುಗಿಸಿದ್ದು ಹಗಲು ಹೊತ್ತಿನಲ್ಲಿ, ಪರದೆ ಎಳೆದುಕೊಂಡು. ಹೆದರಿಕೆ ಆಗಲಿಲ್ಲವಾ ಎಂದು ಕೇಳಿದವರುಂಟು. ಶಿವಮೊಗ್ಗದ ಹಳೇ ಬೀದಿಯೊಂದರಲ್ಲಿ ಬೆಳೆದವಳಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇರಲಿಲ್ಲ. ಆ ಹುಡುಗರು ಬಾಗಿಲಿಗೆ, ಕಿಟಕಿಗೆ ಕಲ್ಲುಪ್ಪಿನ ಗೆರೆ ಎಳೆಯುತ್ತಿದ್ದರು, ಕೋವಿಯ ತೋಟಾಕ್ಕೂ ಕಲ್ಲುಪ್ಪೇ ತುಂಬುತ್ತಿದ್ದರು. ನಮ್ಮಜ್ಜಿ ಅದೇ ಕಲ್ಲುಪ್ಪನ್ನು ಒಣಮೆಣಸಿನಕಾಯಿ ಜೊತೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಎಸೆಯುತ್ತಿದ್ದಳು. ಚಟಪಟ ಅಂದರೂ ಘಾಟು ಬರಲಿಲ್ಲವೆಂದರೆ ದೃಷ್ಟಿ ಜೋರಾಗಿಯೇ ಬಿದ್ದಿದೆ ಎಂದು ಅರ್ಥ. ಅಲ್ಲಿ ನಾಲ್ಕು ದಾರಿ ಕೂಡುವಲ್ಲಿ ಮಣ್ಣಿನಲ್ಲಿ ಡಬ್ಬಿ ಹೂತು ಪೀಡೆಯನ್ನು ಕರೆದು ಆತ್ಮ ಮಾರಿಕೊಳ್ಳುತ್ತಾರೆ. ಮಿಸಿಸಿಪ್ಪಿಯ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ಬಗ್ಗೆ ಆ ದೇಶದಲ್ಲಿ ಹಬ್ಬಿದ್ದ ದಂತಕಥೆಯನ್ನೇ ಎರಡನೇ ಸೀಸನ್ನಿನ ಒಂದು ಸಂಚಿಕೆಗೆ ತಂದಿದ್ದರು. ನಮ್ಮಲ್ಲಿ ಮೂರು ದಾರಿ ಕೂಡುವಲ್ಲಿ ಒಡೆದ ಕುಂಬಳಕಾಯಿ, ಕುಯ್ದ ನಿಂಬೆಹಣ್ಣು ಕಂಡರೆ ದಾಟಬೇಡ, ಸುತ್ತುಹಾಕಿ ಬಾ ಅನ್ನುತ್ತಿದ್ದರು. ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ರಾತ್ರಿ ದೆವ್ವ ಬಂದು ನಮ್ಮವರದ್ದೇ ದನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದರೆ ಮುಗಿಯಿತಂತೆ. ಆ ದಿನಗಳಲ್ಲಿ ಅಪ್ಪ ತಡವಾಗಿ ಬಂದರೆ ಹೊರಗೆ ನಿಂತು ಬಾಯಿಪಾಠದ ಪರೀಕ್ಷೆ ಕೊಡಬೇಕಿತ್ತು, ರೇಷನ್ ಕಾರ್ಡಿನ ನಂಬರಿನ ತನಕ.

ಇನ್ನೊಂದು ವಿಷಯ, ಕಥೆಗೆ ಸಂಬಂಧವಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹಿಮ ಕರಗಲೆಂದು ನಮ್ಮ ಅಪಾರ್ಟ್‌ಮೆಂಟಿನವರು ಮೆಟ್ಟಿಲ ಮೇಲೆ, ಬಾಗಿಲ ಮುಂದೆ ಕಲ್ಲುಪ್ಪನ್ನು ಸೇರುಗಟ್ಟಲೆ ಎರಚುತ್ತಿದ್ದರು. ಆ ದೇಶದಲ್ಲಿ ಚಳಿಗಾಲದಲ್ಲಿ ದೆವ್ವಗಳ ಕಾಟ ಇರಲಿಕ್ಕಿಲ್ಲ.

ಮೂರನೇ ಸೀಸನ್ನಿನ ಹೊತ್ತಿಗೆ ನಾನು ಟಿವಿಯಲ್ಲಿ ವಾರವಾರ ನೋಡುವ ಹಂತಕ್ಕೆ ಬಂದಿದ್ದೆ. ಹಿಂದಿನ ಸೀಸನ್ನಿನ ಕೊನೆಯಲ್ಲಿ ತಮ್ಮ ಸತ್ತಿರುತ್ತಾನೆ. ಅವನನ್ನು ಬದುಕಿಸಲು ಅಣ್ಣ ತನ್ನ ಆತ್ಮವನ್ನೇ ಒತ್ತೆ ಇಡುತ್ತಾನೆ, ಒಂದು ವರ್ಷದ ವಾಯಿದೆಗೆ. ಆ ವರ್ಷವೇ ಮೂರನೇ ಸೀಸನ್. ನಡುವೆ ಚಿತ್ರಕಥೆ ಬರೆಯುವವರ ಮುಷ್ಕರ ಶುರುವಾಗಿ 16 ಸಂಚಿಕೆಗೇ ಮೊಟಕಾಯಿತು. ಹೇಗೋ ಉಳಿಸುತ್ತಾರೆ, ನಾಯಕನನ್ನು ಕೊಲ್ಲುತ್ತಾರಾ ಅಂದುಕೊಂಡಿದ್ದೆ. ಕೊಂದರು. ಕಣ್ಣಿಗೆ ಕಾಣದ ನರಕದ ನಾಯಿಗಳು ಬಂದು ಸೀಳಿಹಾಕಿದವು. ಕೊನೆಯ ದೃಶ್ಯದಲ್ಲಿ ಅವನನ್ನು ನರಕದಲ್ಲಿ ಕೊಕ್ಕೆಗಳಿಗೆ ಸಿಕ್ಕಿಸಿದ್ದಾರೆ, ತಮ್ಮನ ಹೆಸರು ಹಿಡಿದು ಕೂಗುತ್ತಿದ್ದಾನೆ. ಅಲ್ಲಿಗೆ ಕಪ್ಪು ತೆರೆ. ಇನ್ನು ಸೆಪ್ಟೆಂಬರಿಗೆ.

ಆ ಬೇಸಿಗೆಯಿಡೀ ನನ್ನ ತಮ್ಮನೂ ನಾನೂ ಜಿಟಾಕಿನಲ್ಲಿ ಬಡಿದಾಡಿದ್ದು ಇದೇ ವಿಷಯಕ್ಕೆ. ಅವನು ಬೆಂಗಳೂರಲ್ಲಿದ್ದ, ಹೇಗೋ ಡೌನ್‌ಲೋಡ್ ಮಾಡಿ ನೋಡುತ್ತಿದ್ದ, ಹೇಗೆಂದು ನಾನು ಕೇಳಲಿಲ್ಲ. ಅವನಿಗೆ ಈ ಹುಚ್ಚು ಹಿಡಿಸಿದ್ದೇ ನಾನು. "ಸ್ಯಾಮ್ ಏನೋ ಒಪ್ಪಂದ ಮಾಡ್ಕೊಂಡು ಬಿಡಿಸ್ಕೊಂಡು ಬರ್ತಾನೆ ಅಕ್ಕ" ಅನ್ನುವುದು ಅವನ ವಾದ. ಹಾಗೆ ಬಿಡಿಸಿಕೊಂಡು ಬಂದರೆ ಸತ್ತದ್ದಕ್ಕೆ ಬೆಲೆಯೇನು ಅನ್ನುವುದು ನನ್ನದು. ಸಾವಿತ್ರಿ ಯಮನ ಹಿಂದೆ ನಡೆದೇ ನಡೆದಳು, ಇವರು ಹಾಗೆ ಒಂದಿಷ್ಟಾದರೂ ನಡೆಯಬೇಡವೇ?

ಸೆಪ್ಟೆಂಬರ್ ಬಂತು. ಸೋಮವಾರ, 15ನೇ ತಾರೀಕು, ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಇವರ ಆಫೀಸಿನಲ್ಲಿ ಗುತ್ತಿಗೆಯವರ ಮುಖವೆಲ್ಲ ಕಪ್ಪಿಟ್ಟಿತ್ತು. ಯಾರನ್ನು ಯಾವಾಗ ಕಳಿಸುತ್ತಾರೋ ಗೊತ್ತಿಲ್ಲ, ಕಳಿಸಿದರೆ ವೀಸಾ ಸಮೇತ ದೇಶ ಬಿಡಬೇಕು. ಅದೇ ವಾರ ಪಿತೃಪಕ್ಷವೂ ಶುರು. ಅಮ್ಮ ಫೋನಿನಲ್ಲಿ, "ಪಕ್ಷ ಮುಗಿಯೋ ತನಕ ಹೊಸದೇನೂ ಕೊಳ್ಳಬೇಡಿ" ಅಂದಿದ್ದಳು. ನಮ್ಮಲ್ಲಿದ್ದದ್ದು ಯಾರೋ ಬಿಟ್ಟುಹೋದ ಡಬ್ಬಾ ಟಿವಿ, ಅದರ ನೆತ್ತಿಯ ಮೇಲೆ ಎರಡು ಕಡ್ಡಿಯ ಆಂಟೆನಾ. ಮುಂದಿನ ವರ್ಷದಿಂದ ದೇಶವೆಲ್ಲ ಡಿಜಿಟಲ್ ಪ್ರಸಾರಕ್ಕೆ ಹೋಗುವುದೆಂದು ತೀರ್ಮಾನವಾಗಿ, ಹಳೆಯ ಟಿವಿಗೆ ಹಾಕುವ ಡಬ್ಬಿ ಕೊಳ್ಳಲು ಸರ್ಕಾರವೇ 40 ಡಾಲರಿನ ಕೂಪನ್ ಕೊಡುತ್ತಿತ್ತು. ನಮ್ಮ ಕೂಪನ್ ಬಂದು ಡ್ರಾಯರಿನಲ್ಲಿ ಕೂತಿತ್ತು. ಅಮ್ಮನ ಮಾತಿಗೋ ಲೇಮನ್ ಬ್ರದರ್ಸ್‌ಗೋ ಹೆದರಿ ನಾವು ಅಂಗಡಿಗೆ ಹೋಗಲಿಲ್ಲ. ಹಾಗಾಗಿ ಚಾನೆಲ್ 29ರ ಮರಳು ಸುರಿಯುವ ಚಿತ್ರದಲ್ಲೇ ನಾನು ಡೀನನ ಪುನರಾಗಮನ ನೋಡಬೇಕಾಯಿತು.

ರಾತ್ರಿ ಎಂಟು ಗಂಟೆ. ಕತ್ತಲು. ಯಾರೋ ಏದುಸಿರು ಬಿಡುತ್ತಿದ್ದಾರೆ. ಲೈಟರ್ ಹತ್ತುತ್ತದೆ: ಡೀನ್, ಶವಪೆಟ್ಟಿಗೆಯೊಳಗೆ. ಹಲಗೆ ಒಡೆದು, ಮಣ್ಣು ಬಗೆದು ಮೇಲೆ ಬರುತ್ತಾನೆ. ಸುತ್ತ ಒಂದು ಕಾಡಿನ ಮರಗಳೆಲ್ಲ ಗೋರಿಯನ್ನು ನಡುವೆ ಬಿಟ್ಟು ವೃತ್ತಾಕಾರವಾಗಿ ನೆಲಕ್ಕೊರಗಿವೆ. ಯಾಕೆಂದು ಯಾರೂ ಹೇಳುವುದಿಲ್ಲ. ಬಿಸಿಲಲ್ಲಿ ನಡೆಯುತ್ತಾನೆ. ಯಾರೂ ಇಲ್ಲದ ಒಂದು ಪೆಟ್ರೋಲ್ ಬಂಕು. ಗಾಜು ಒಡೆದು ಒಳಹೊಕ್ಕು ಗಟಗಟ ನೀರು ಕುಡಿಯುತ್ತಾನೆ.

ಆ ನೀರು ಕುಡಿಯುವುದನ್ನು ನಾನು ಮರೆತಿಲ್ಲ. ನಾಲ್ಕು ತಿಂಗಳು ನರಕದಲ್ಲಿದ್ದು ಬಂದವನಿಗೆ ಮೊದಲು ಆಗುವುದು ಬಾಯಾರಿಕೆ. ನಿರ್ದೇಶಕ ಕಿಮ್ ಮ್ಯಾನರ್ಸ್ ಅವಸರ ಮಾಡುವುದಿಲ್ಲ. ಮಾತಿಲ್ಲ, ಹಿನ್ನೆಲೆ ಸಂಗೀತವೂ ಹೆಚ್ಚಿಲ್ಲ. ಒಬ್ಬ ಮನುಷ್ಯ ನೀರು ಕುಡಿಯುತ್ತಾನೆ, ಕನ್ನಡಿಯೆದುರು ಅಂಗಿ ಸರಿಸಿ ನೋಡಿಕೊಳ್ಳುತ್ತಾನೆ, ಸೀಳಿದ ಗಾಯದ ಗುರುತೊಂದೂ ಮೈಮೇಲಿಲ್ಲ. ತೋಳಿನ ಮೇಲೆ ಮಾತ್ರ ಸುಟ್ಟ ಹಸ್ತದ ಅಚ್ಚು. ಪಕ್ಕದಲ್ಲಿ ಬಿದ್ದಿದ್ದ ಪತ್ರಿಕೆಯ ತಾರೀಕು ಸೆಪ್ಟೆಂಬರ್ 18. ನಾನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದೆ, ಅದೇ ತಾರೀಕು. ಮೈ ಜುಮ್ಮೆಂದಿತು. ಮ್ಯಾನರ್ಸ್ 'ದಿ ಎಕ್ಸ್-ಫೈಲ್ಸ್' ಕಾಲದಿಂದ ಇಂಥ ಮೌನದಲ್ಲಿ ಪಳಗಿದವರು. ಮುಂದಿನ ಜನವರಿಯಲ್ಲೇ ತೀರಿಕೊಂಡರು. ಅವರ ನಂತರ ಆ ಧಾರಾವಾಹಿಯಲ್ಲಿ ಯಾರೂ ಅಷ್ಟು ನಿಧಾನವಾಗಿ ನೀರು ಕುಡಿಯಲಿಲ್ಲ ಅನ್ನುವುದು ನನ್ನ ದೂರು.

ಆಮೇಲೆ ಬಂಕಿನ ಟಿವಿ ತಾನಾಗಿ ಹತ್ತಿಕೊಂಡು ಸೊಯ್ಯೆಂದು ಮರಳು ಸುರಿಸುತ್ತದೆ. ರೇಡಿಯೋ ಕೂಡ. ನಾನೆದ್ದು ಹೋಗಿ ನಮ್ಮ ಆಂಟೆನಾದ ಕಡ್ಡಿ ತಿರುಗಿಸಿದೆ. "ಕೂತ್ಕೊಳೇ, ಅದು ಅವರ ಟಿವಿ" ಅಂದರು ಇವರು. ಕಂಪ್ಯೂಟರಿನಲ್ಲಿ ಷೇರುಪೇಟೆಯ ಸುದ್ದಿ ನೋಡುತ್ತಿದ್ದವರು ಯಾವಾಗ ಬಂದು ನನ್ನ ಪಕ್ಕ ಕೂತಿದ್ದರೋ! ಅಷ್ಟರಲ್ಲಿ ಡೀನ್ ಉಪ್ಪಿನ ಪೊಟ್ಟಣ ಹುಡುಕಿ ಕಿಟಕಿಗೆ ಸುರಿಯುತ್ತಿದ್ದ. ಸೀಟಿಯಂಥ ಸದ್ದು ಏರುತ್ತ ಏರುತ್ತ ಗಾಜುಗಳೆಲ್ಲ ಪುಡಿಯಾದವು. ನಮ್ಮ ಟಿವಿಯ ಗೊರಗೊರವೂ ಸೇರಿ ಆ ದೃಶ್ಯ ನಮ್ಮ ಹಾಲಿನಲ್ಲೇ ನಡೆದ ಹಾಗಿತ್ತು. ಮುಂದೆ ಅದನ್ನೇ ಡಿವಿಡಿಯಲ್ಲಿ ನೋಡಿದೆ. ಚಿತ್ರ ಸ್ವಚ್ಛವಾಗಿತ್ತು, ಹೆದರಿಕೆ ಅರ್ಧಕ್ಕರ್ಧ ಇಳಿದಿತ್ತು.

ಈಗ ಅವನು ಫೋನ್ ಮಾಡುತ್ತಾನೆ. ತಮ್ಮನ ನಂಬರು ಚಾಲ್ತಿಯಲ್ಲಿಲ್ಲ. ಬಾಬಿಗೆ ಮಾಡುತ್ತಾನೆ. ಬಾಬಿ ಸಿಂಗರ್, ಗುಜರಿ ಅಂಗಡಿಯ ಮುದುಕ, ಈ ಹುಡುಗರಿಗೆ ತಂದೆಗಿಂತ ಹೆಚ್ಚು. "ನಾನು ಡೀನ್" ಅಂದರೆ ಆತ ಫೋನ್ ಕುಕ್ಕುತ್ತಾನೆ. ಮತ್ತೆ ಮಾಡಿದರೆ, ಇನ್ನೊಮ್ಮೆ ಮಾಡಿದರೆ ಕೊಲ್ಲುತ್ತೇನೆ ಅನ್ನುತ್ತಾನೆ. ಡೀನ್ ಕಾರು ಕದ್ದು ಅಷ್ಟು ದೂರ ಹೋಗಿ ಬಾಗಿಲಲ್ಲಿ ನಿಂತರೆ ಚಾಕು ಹಿಡಿದು ಮೇಲೇರಿ ಬರುತ್ತಾನೆ. ಬೆಳ್ಳಿಯ ಚಾಕುವಿನಿಂದ ತನ್ನ ತೋಳು ತಾನೇ ಕುಯ್ದು ತೋರಿಸಿದ ಮೇಲೆ, ರೂಪ ಬದಲಿಸುವ ಪೀಡೆಯಲ್ಲವೆಂದು ನಂಬಿ ತಬ್ಬಿಕೊಳ್ಳುತ್ತಾನೆ. ತಬ್ಬಿ ಬಿಟ್ಟವನೇ ಮುಖಕ್ಕೆ ಮಂತ್ರಿಸಿದ ನೀರು ಎರಚುತ್ತಾನೆ! ಡೀನ್ ಬಾಯಿಗೆ ಹೋದ ನೀರನ್ನು ತುಪ್ಪುತ್ತ, ದೆವ್ವವೂ ಅಲ್ಲ ನಾನು ಅನ್ನುತ್ತಾನೆ. ಇವರು ಜೋರಾಗಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ನಮ್ಮ ಸೋದರಮಾವ ನೆನಪಾದ.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಯಾರಿಗಾದರೂ ಕಾಗೆ ತಲೆ ಮುಟ್ಟಿದರೆ ಅಪಮೃತ್ಯು ಕಾದಿದೆ ಎಂದು. ಅದನ್ನು ಕಳೆಯಲು, ಆತ ಸತ್ತನೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಿದ್ದರು. ಅವರು ನಿಜವಾಗಿ ಅತ್ತುಬಿಟ್ಟರೆ ಸಾವಿನ ಪಾಲು ಅದಕ್ಕೆ ಸಂದುಹೋಯಿತು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ತರೀಕೆರೆ ಕಡೆಯ ಹಳ್ಳಿಯಿಂದ ಅಮ್ಮನಿಗೆ ಟೆಲಿಗ್ರಾಂ ಬಂತು. ಅಮ್ಮನಿಗಿದ್ದದ್ದು ಒಬ್ಬನೇ ತಮ್ಮ. ಅಮ್ಮ ಅತ್ತ ರೀತಿಯನ್ನು ನಾನು ಬರೆಯಲಾರೆ. ನನ್ನನ್ನು ಕಂಕುಳಲ್ಲೆಂಬಂತೆ ಎಳೆದುಕೊಂಡು ಬಸ್ಸು ಹತ್ತಿದಳು, ದಾರಿಯುದ್ದಕ್ಕೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಊರು ಸೇರಿದರೆ ಮಾವ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಾನೆ. "ಬಾರಕ್ಕ" ಅಂದ.

ಅಮ್ಮ ಒಳಗೆ ಹೋಗಲಿಲ್ಲ. ಗೇಟಿನಲ್ಲೇ ನಿಂತು ಅವನ ಕಾಲು ನೋಡಿದಳು. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದಲ್ಲ. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಹೋಗಿ ಕೈಯಲ್ಲಿದ್ದ ವೈರ್ ಬ್ಯಾಗಿನಿಂದ ಅವನ ಬೆನ್ನಿಗೆ ಬಾರಿಸಿದಳು, ಬ್ಯಾಗಿನೊಳಗಿದ್ದ ನನ್ನ ಟಿಫಿನ್ ಡಬ್ಬಿ ಸಮೇತ. "ಕಾಗೆ ಮುಟ್ಟಿತ್ತು ಕಣಕ್ಕ, ನಾನು ಬೇಡ ಅಂದೆ, ಇವಳೇ ಕಳಿಸಿದ್ದು" ಎಂದು ಮಾವ ಅತ್ತೆಯ ಕಡೆ ಕೈ ತೋರಿಸುತ್ತಿದ್ದ. ಅತ್ತೆ ಒಳಗಿಂದ ಬಂದು, ನೀವು ಅತ್ತಿರಿ ತಾನೇ, ಇನ್ನು ಇವರಿಗೆ ನೂರು ವರ್ಷ ಎಂದು ಅಮ್ಮನ ಕೈ ಹಿಡಿದುಕೊಂಡಳು. ಅಮ್ಮ ಆ ಮನೆಯಲ್ಲಿ ಅವತ್ತು ನೀರೂ ಮುಟ್ಟದೆ ಸಂಜೆ ಬಸ್ಸಿಗೇ ಹೊರಟಳು. ಮಾವ ಆಮೇಲೂ ಬಹಳ ವರ್ಷ ಬದುಕಿದ್ದ.

ಹೀಗಾಗಿ ಬಾಬಿಯ ಚಾಕು ನನಗೆ ಹೊಸದೆನಿಸಲಿಲ್ಲ. ಸತ್ತವರು ಎದ್ದು ಬಂದ ಕಥೆಗಳಲ್ಲಿ ಮಾಮೂಲಾಗಿ ಓಡಿಹೋಗಿ ಅಪ್ಪಿಕೊಳ್ಳುತ್ತಾರೆ, ಕಣ್ಣೀರು, ಪಿಟೀಲು. ಮನೆಯವರು ಹಾಗೆ ಮಾಡುವುದಿಲ್ಲ. ಅತ್ತು ಮುಗಿಸಿದವರಿಗೆ ಮೊದಲು ಬರುವುದು ಸಂಶಯ, ಬೆನ್ನಿಗೇ ಸಿಟ್ಟು. ಈ ಸಂಚಿಕೆಯನ್ನು ಬರೆದವರಿಗೆ ಅದು ಗೊತ್ತಿತ್ತು. ಸ್ಯಾಮ್ ಕೂಡ ಮೋಟೆಲಿನಲ್ಲಿ ಅಣ್ಣನನ್ನು ಕಂಡೊಡನೆ ಚಾಕು ಎತ್ತಿ ಮೇಲೆ ಬೀಳುತ್ತಾನೆ, ಬಾಬಿ ಹಿಡಿದು ಎಳೆಯಬೇಕಾಗುತ್ತದೆ. ಆಮೇಲಿನ ಅಪ್ಪುಗೆಗೆ ತೂಕ ಬಂದದ್ದು ಅದರಿಂದಲೇ. ಡೀನ್ ಕೊರಳಲ್ಲಿ ಸದಾ ಇರುತ್ತಿದ್ದ ತಾಯತವನ್ನು ಇಷ್ಟು ದಿನ ತಮ್ಮ ತಾನು ಕಟ್ಟಿಕೊಂಡಿದ್ದ; ಬಿಚ್ಚಿ ಕೊಡುತ್ತಾನೆ. ನನ್ನ ಪಕ್ಕ ಕೂತವರು ಎದ್ದು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಊರಲ್ಲಿ ಅವರಿಗೂ ಒಬ್ಬ ಅಣ್ಣನಿದ್ದಾರೆ, ಆಸ್ತಿ ಪಾಲಾದಾಗಿನಿಂದ ಮಾತು ಅಷ್ಟಕ್ಕಷ್ಟೆ.

ಇನ್ನೊಂದು ಸಣ್ಣ ಮಾತು ಈ ಸಂಚಿಕೆಯಲ್ಲಿ ಬರುತ್ತದೆ, ಅದರ ಮೇಲೆ ತಮ್ಮನೂ ನಾನೂ ಮರುದಿನ ಗಂಟೆಗಟ್ಟಲೆ ಹರಟಿದೆವು. ಬೇಟೆಗಾರರ ಪದ್ಧತಿಯಂತೆ ಡೀನನ ಹೆಣಕ್ಕೂ ಉಪ್ಪು ಹಾಕಿ ಸುಡಬೇಕಿತ್ತು. ಬಾಬಿ ಹಾಗೇ ಅಂದಿದ್ದ. ಸ್ಯಾಮ್ ಒಪ್ಪಲಿಲ್ಲ, ಅಣ್ಣ ವಾಪಸು ಬಂದಾಗ ದೇಹ ಬೇಕಾಗುತ್ತದೆ ಎಂದು ಹೂತ. ಪೆಟ್ಟಿಗೆಯೊಳಗೆ ಲೈಟರ್ ಕೂಡ ಇತ್ತಲ್ಲ! ಸುಡುವ ನಮ್ಮಂಥವರಲ್ಲಿ ಈ ಕಥೆ ಹುಟ್ಟಲಾರದು. ನಮ್ಮಲ್ಲಿ ಹೋದವರು ಬಂದರೂ ಕಾಗೆಯಾಗಿ ಬಂದು ಎಡೆ ಮುಟ್ಟಿ ಹೋಗಬೇಕು, ಅದೂ ಮನಸ್ಸಿದ್ದರೆ. ಆ ವಾರ ಬಾಲ್ಕನಿಯ ಕಂಬಿಯ ಮೇಲೆ ಕಾಗೆ ಕೂತಾಗಲೆಲ್ಲ ನಾನು ತಲೆ ತಗ್ಗಿಸಿ ಒಳಗೆ ಬರುತ್ತಿದ್ದೆ. ಅಮೆರಿಕದ ಕಾಗೆಗಳು ಅಡಿಯಿಂದ ಮುಡಿಯವರೆಗೆ ಕಪ್ಪು, ನಮ್ಮ ಊರುಕಾಗೆಯ ಕೊರಳಿನ ಬೂದಿ ಬಣ್ಣ ಅವಕ್ಕಿಲ್ಲ. ಪಿಂಡಕ್ಕೆ ಇವು ಬರುತ್ತವೋ ಇಲ್ಲವೋ ಎಂಬ ಚರ್ಚೆ ನಮ್ಮ ಕನ್ನಡದವರ ನಡುವೆ ಗಂಭೀರವಾಗಿಯೇ ನಡೆಯುತ್ತಿತ್ತು.

ಕೊನೆಯ ಭಾಗದಲ್ಲಿ ಡೀನನನ್ನು ಎತ್ತಿ ತಂದವನು ಯಾರೆಂದು ತಿಳಿಯುತ್ತದೆ. ಅದಕ್ಕೆ ಮೊದಲು ಪಮೇಲಾ ಎಂಬ ದಿಟ್ಟ ಹೆಂಗಸು, ಕಣಿ ಹೇಳುವವಳು, ಅವನ ಮುಖ ನೋಡಲು ಹಟ ಹಿಡಿದು ಕಣ್ಣು ಸುಟ್ಟುಕೊಳ್ಳುತ್ತಾಳೆ. ಆಮೇಲೆ ಡೀನ್, ಬಾಬಿ ಇಬ್ಬರೂ ಒಂದು ದನದ ಕೊಟ್ಟಿಗೆಯಂಥ ಕಣಜದಲ್ಲಿ ಗೋಡೆ, ಸೂರು, ನೆಲವೆಲ್ಲ ಜಗತ್ತಿನ ಸಮಸ್ತ ಧರ್ಮಗಳ ರಕ್ಷಾಯಂತ್ರ ಬರೆದು ಅವನನ್ನು ಕರೆಯುತ್ತಾರೆ. ಬಾಗಿಲು ಕಿತ್ತುಕೊಂಡು ತೆರೆಯುತ್ತದೆ. ಬಲ್ಬುಗಳು ಒಡೆದು ಕಿಡಿ ಉದುರುವ ನಡುವೆ ಒಬ್ಬ ಮಾಮೂಲಿ ಮನುಷ್ಯ ನಡೆದು ಬರುತ್ತಾನೆ, ಮೇಲೊಂದು ಕಂದು ಮಳೆಕೋಟು, ಸಡಿಲವಾದ ಟೈ. ಗುಂಡು ನಾಟುವುದಿಲ್ಲ. ಎದೆಗೆ ಚಾಕು ಹೊಕ್ಕರೆ ಕಿತ್ತು ಕೆಳಗೆ ಹಾಕುತ್ತಾನೆ. ಹೆಸರು ಕ್ಯಾಸ್ಟಿಯೆಲ್. ದೇವದೂತ. ಮಿಂಚು ಹೊಡೆದಾಗ ಹಿಂದಿನ ಗೋಡೆಯ ಮೇಲೆ ರೆಕ್ಕೆಗಳ ನೆರಳು, ಗೋಡೆಯ ಈ ತುದಿಯಿಂದ ಆ ತುದಿಗೆ. ಮೀಶಾ ಕಾಲಿನ್ಸ್ ಎಂಬ ನಟ. ಕೆಲವೇ ಸಂಚಿಕೆಗೆಂದು ಕರೆಸಿದವರು ಮುಂದೆ ಧಾರಾವಾಹಿಯ ಮೂರನೇ ಕಂಬವಾಗಿಬಿಟ್ಟರು.

ಜಗತ್ತಿನ ತುಂಬ ಅಭಿಮಾನಿಗಳು ಕುಣಿದದ್ದು ಈ ಪ್ರವೇಶಕ್ಕೆ. ನನ್ನ ತಮ್ಮನಿಗಂತೂ ಹುಚ್ಚೇ ಹಿಡಿಯಿತು. ನಮ್ಮಲ್ಲಿ ಬೆಳಿಗ್ಗೆಯಾದಾಗ ಅಲ್ಲಿ ಶುಕ್ರವಾರದ ಸಂಜೆ. "ಅಕ್ಕಾ ರೆಕ್ಕೆ ನೋಡಿದ್ಯಾ" ಅಂತ ಒಂದೇ ಸಾಲನ್ನು ತೆರೆ ತುಂಬುವಷ್ಟು ಸಲ ಕಳಿಸಿದ್ದ. ನನಗೂ ರೆಕ್ಕೆ ಚೆನ್ನಾಗಿತ್ತು. ಆದರೆ ಮಲಗುವಾಗ ಏನೋ ಕಸಿವಿಸಿ. ಅಲ್ಲಿಯತನಕ ಈ ಧಾರಾವಾಹಿ ಊರುಕೇರಿಯ ದೆವ್ವಗಳದ್ದು. ಮೊದಲ ಸಂಚಿಕೆಯಲ್ಲೇ ಹೆದ್ದಾರಿಯಲ್ಲಿ ಬಿಳಿ ಬಟ್ಟೆ ಉಟ್ಟು ಗಂಡಸರ ಕಾರು ನಿಲ್ಲಿಸುವ ಹೆಂಗಸು; ಆಗುಂಬೆ ಘಾಟಿಯ ಲಾರಿ ಡ್ರೈವರುಗಳನ್ನು ಕೇಳಿದರೆ ಅವಳ ತಂಗಿಯನ್ನು ಕಂಡವರು ಸಿಗುತ್ತಾರೆ. ಆ ದೆವ್ವಗಳಿಗೆಲ್ಲ ಒಂದು ಊರು, ಒಂದು ಅನ್ಯಾಯ, ಒಂದು ಗೋರಿ ಇತ್ತು. ಉಪ್ಪಿಗೆ ಅವು ಹೆದರುತ್ತಿದ್ದವು. ಕ್ಯಾಸ್ಟಿಯೆಲ್ ಬಂದ ಮೇಲೆ ಉಪ್ಪಿಗೆ ಬೆಲೆಯೇ ಹೋಯಿತು. ಸ್ವರ್ಗ, ನರಕ, ಪ್ರಳಯ, ಲೂಸಿಫರ್, ಕೊನೆಗೆ ದೇವರೇ ಪಾತ್ರಧಾರಿ. ಎದುರಾಳಿ ಅಷ್ಟು ದೊಡ್ಡವನಾದರೆ ಹೆದರಿಕೆ ಹುಟ್ಟುವುದಿಲ್ಲ, ನಿದ್ದೆ ಬರುತ್ತದೆ.

ಒಂದು ಮಾತು ಮಾತ್ರ ಕ್ಯಾಸ್ಟಿಯೆಲ್ ಪರವಾಗಿ ಹೇಳಬೇಕು. ಈ ಮೈ ಯಾರದ್ದೆಂದು ಡೀನ್ ಕೇಳಿದಾಗ, ಇದಕ್ಕಾಗಿ ಪ್ರಾರ್ಥಿಸಿದ ಭಕ್ತನೊಬ್ಬನದು ಅನ್ನುತ್ತಾನೆ. ಅದೇ ಸೀಸನ್ನಿನಲ್ಲಿ ಮುಂದೆ ಆ ಭಕ್ತನ ಕಥೆಯೂ ಬರುತ್ತದೆ: ಜಿಮ್ಮಿ ನೋವಾಕ್, ಇಲಿನಾಯ್ ರಾಜ್ಯದ ಪಾಂಟಿಯಾಕ್ ಊರಿನವನು, ರೇಡಿಯೋ ಜಾಹೀರಾತು ಮಾರುವ ಸಂಸಾರಸ್ಥ, ಹೆಂಡತಿ, ಮಗಳು. ನಮ್ಮ ಕಡೆ ದೇವರು ಮೈಮೇಲೆ ಬಂದವರಿಗೆ ಇಳಿದ ಮೇಲೆ ನೀರು ಕುಡಿಸಿ, ಬೆವರು ಒರೆಸಿ, ಯಾರಾದರೂ ಜೊತೆ ಹೋಗಿ ಮನೆಗೆ ಬಿಟ್ಟು ಬರುತ್ತಾರೆ. ಈ ದೇವದೂತ ಒಮ್ಮೆ ಇಳಿದರೂ ಮತ್ತೆ ಬಂದು ಅದೇ ಮೈ ಸೇರುತ್ತಾನೆ. ಆ ಹೆಂಡತಿಗೆ ಗಂಡ ಸಿಗುವುದಿಲ್ಲ. ಕ್ಯಾಸ್ಟಿಯೆಲ್‌ನನ್ನು ಎಷ್ಟು ಮೆಚ್ಚಿದರೂ ಆ ಕೋಟು ಕಂಡಾಗಲೆಲ್ಲ ನನಗೆ ಆ ಹೆಂಗಸೇ ನೆನಪಾಗುತ್ತಿದ್ದಳು.

ಐದನೇ ಸೀಸನ್ ನಡೆಯುವಾಗ ಲಾರೆನ್ಸ್‌ಗೆ ಹೋಗಿದ್ದೆವು. ಧಾರಾವಾಹಿಯ ಲಾರೆನ್ಸ್ ಅಲ್ಲಿಲ್ಲ. ಚಿತ್ರೀಕರಣವೆಲ್ಲ ಕೆನಡಾದ ವ್ಯಾಂಕೂವರ್ ಸುತ್ತಮುತ್ತ. ನಿಜವಾದ ಲಾರೆನ್ಸ್ ಯೂನಿವರ್ಸಿಟಿ ಹುಡುಗರ ಹಸನ್ಮುಖದ ಊರು. ಮ್ಯಾಸಚೂಸೆಟ್ಸ್ ಬೀದಿಯಲ್ಲಿ ಕಾಫಿ ಕುಡಿದು ಟೊಪೀಕಾ ಕಡೆಗೆ ಹೊರಟರೆ ನಡುವೆ ಸ್ಟಲ್ ಎಂಬ ನಾಲ್ಕು ಮನೆಯ ಊರು. ಅಲ್ಲಿನ ಸ್ಮಶಾನ ನರಕದ ಬಾಗಿಲೆಂದು ಪ್ರತೀತಿ. ಪ್ರತೀತಿ ಎಷ್ಟು ಹಳೆಯದೆಂದರೆ 1974ರದ್ದು! ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ ಹಬ್ಬಿದ್ದು. ಹ್ಯಾಲೋವೀನ್ ರಾತ್ರಿ ಹುಡುಗರ ಹಿಂಡು ನುಗ್ಗಿ ಊರವರ ಪ್ರಾಣ ತಿನ್ನುತ್ತಿತ್ತು. ಪಾಳುಬಿದ್ದ ಹಳೇ ಕಲ್ಲಿನ ಚರ್ಚನ್ನು 2002ರಲ್ಲಿ ಕೆಡವಿದರು. ಅಣ್ಣತಮ್ಮಂದಿರಿಗೆ ಲಾರೆನ್ಸ್ ಹುಟ್ಟೂರಾಗಿದ್ದೇ ಈ ಸ್ಟಲ್ ಹತ್ತಿರವಿದ್ದದ್ದಕ್ಕೆ ಎಂದು ಕ್ರಿಪ್ಕಿ ಹೇಳಿಕೊಂಡಿದ್ದಾರೆ. ಐದನೇ ಸೀಸನ್ನಿನ ಕೊನೆಯ ಕಾಳಗವನ್ನೂ ಅಲ್ಲಿಯೇ ನಡೆಸಿದ್ದಾರೆ, ಹೆಸರಿಗೆ. ನಾವು ಬೇಲಿಯಾಚೆ ರಸ್ತೆಯಲ್ಲೇ ಕಾರು ನಿಲ್ಲಿಸಿ ನೋಡಿದೆವು. ಯಾರೋ ತಮ್ಮವರ ಗೋರಿಗೆ ಹೂವಿಟ್ಟಿದ್ದರು. ಒಳಗೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಆ ವರ್ಷವೇ ಒಂದು ಸಂಚಿಕೆಯಲ್ಲಿ ಕಾಳಿ, ಗಣೇಶ, ಓಡಿನ್ ಮುಂತಾದವರೆಲ್ಲ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಸಭೆ ಸೇರಿ ಮನುಷ್ಯಮಾಂಸ ತಿನ್ನುವುದನ್ನೂ, ಲೂಸಿಫರ್ ಬಂದು ಅವರನ್ನು ತರಿಯುವುದನ್ನೂ ನೋಡಬೇಕಾಯಿತು. ಕಾಳಿ ಹೇಗೋ ತಪ್ಪಿಸಿಕೊಂಡಳು. ತಮ್ಮನಿಗೆ ಸಿಟ್ಟು ಬಂದಿತ್ತು. ನನಗೆ ಬಂದದ್ದು ಬೇಸರ. ಮೋದಕದ ಗಣಪನಿಗೆ ಬಾಡೂಟ ಹಾಕಿದವರು ಅವನ ಬಗ್ಗೆ ಎರಡು ಪುಟವನ್ನಾದರೂ ಓದಿಕೊಳ್ಳಬಾರದೇ? ತಮ್ಮ ದೇವದೂತರಿಗೆ ಕೊಟ್ಟ ದುಃಖ, ಸಂದೇಹ, ತಮಾಷೆಯಲ್ಲಿ ಕಾಲುಭಾಗ ನಮ್ಮವರಿಗೂ ಕೊಟ್ಟಿದ್ದರೆ ಲೂಸಿಫರ್ ಕೈಯಲ್ಲಿ ಸೋತರೂ ನಾನು ಸುಮ್ಮನಿರುತ್ತಿದ್ದೆ.

ಕ್ರಿಪ್ಕಿ ಐದು ಸೀಸನ್ನಿಗೆಂದು ಹೆಣೆದ ಕಥೆ ಅದು. ಐದಾದ ಮೇಲೆ ಅವರು ಚುಕ್ಕಾಣಿ ಬಿಟ್ಟರು, ಧಾರಾವಾಹಿ ನಿಲ್ಲಲಿಲ್ಲ. ನಾನು ನಡುನಡುವೆ ಬಿಟ್ಟೆ, ಮತ್ತೆ ಹಿಡಿದೆ. ತಮ್ಮ ಒಂದೂ ಬಿಡಲಿಲ್ಲ. ಸಾಯುವುದು, ಬರುವುದು ಆ ಅಣ್ಣತಮ್ಮಂದಿರಿಗೆ ನೆಂಟರ ಮನೆಗೆ ಹೋಗಿ ಬಂದಷ್ಟೇ ಸಲೀಸಾಯಿತು. ಆಮೇಲೆ ಯಾರೂ ಯಾರ ಪಾದ ನೋಡಲಿಲ್ಲ.

ಕೊನೆಯ ಸಂಚಿಕೆ ಬಂದದ್ದು 2020ರ ನವೆಂಬರ್ 19ರಂದು. ನಾವು ಬೆಂಗಳೂರಿಗೆ ಬಂದು ಎಷ್ಟೋ ಕಾಲವಾಗಿತ್ತು, ಕೊರೋನಾದ ವರ್ಷ, ತಮ್ಮ ಇದೇ ಊರಲ್ಲಿದ್ದರೂ ಮಾತೆಲ್ಲ ವಾಟ್ಸಾಪಿನಲ್ಲೇ. ಡೀನ್ ಮತ್ತೆ ಸತ್ತ. ಯಾವ ಲೂಸಿಫರನಿಂದಲೂ ಅಲ್ಲ, ಒಂದು ಹಳೇ ಕಣಜದಲ್ಲಿ ಹೊಡೆದಾಟದ ನಡುವೆ ಬೆನ್ನಿಗೆ ಕಬ್ಬಿಣದ ಸರಳು ಚುಚ್ಚಿ. ಅಭಿಮಾನಿಗಳು ಬಹಳ ಜನ ಬೈದರು. ನನಗದು ಹಿಡಿಸಿತು. ಅವನಿಗೆ ಅಂಥ ಊರುಕೇರಿಯ ಸಾವೇ ಸರಿ. ಸ್ಯಾಮ್ ಈ ಸಲ ಹೂಳಲಿಲ್ಲ, ಚಿತೆ ಒಟ್ಟಿದ.

ತಮ್ಮನ ಸಂದೇಶ ಬಂತು: "ಸುಟ್ಟುಬಿಟ್ರು ಅಕ್ಕ. ಇನ್ನು ಬರಲ್ಲ."

"ಐದನೇ ಸೀಸನ್ನಲ್ಲೇ ಸುಟ್ಟಿದ್ರೆ ಆಗ್ತಿತ್ತು" ಎಂದು ಬರೆದೆ. ಅವನು ಅದಕ್ಕೆ ಉತ್ತರ ಕೊಡಲಿಲ್ಲ. ದೀಪಾವಳಿಗೆ ಕಳಿಸಿಕೊಟ್ಟಿದ್ದ ನನ್ನ ಕಜ್ಜಾಯದ ಡಬ್ಬಿಯನ್ನೂ ಬಹಳ ದಿನ ವಾಪಸು ಮಾಡಲಿಲ್ಲ.